ಆಟದ ಕಾರಿಗೆ ಯಾವ ಆವರ್ತಾಂಕ?

ರೇಡಿಯೋ ಅಲೆಗಳಿಂದ ನಡೆಯುವ ಪುಟ್ಟ ಕಾರುಗಳನ್ನು ತಾವೇ ಕಟ್ಟುವ ಹವ್ಯಾಸ ಈಚೆಗೆ ನಮ್ಮ ವಿದ್ಯಾರ್ಥಿಗಳಲ್ಲಿ ಚೆನ್ನಾಗಿ ಹಬ್ಬಿದೆ. ಯಲಹಂಕ, ಹೆಬ್ಬಾಳ, ಯಶವಂತಪುರಗಳ ಕಡೆಯ ಹುಡುಗ ಹುಡುಗಿಯರು ಎಸ್.ಪಿ. ರಸ್ತೆಯ ಅಂಗಡಿಗಳಿಂದ ಬಿಡಿಭಾಗಗಳನ್ನು ತಂದು, ಮನೆಯ ಮೂಲೆಯಲ್ಲಿ ಬೆಸುಗೆ ಹಾಕಿ, ಕಾಲೇಜಿನ ಬಯಲಿನಲ್ಲಿ ಓಡಿಸುತ್ತಾರೆ. ಇದು ಸಂತೋಷಪಡತಕ್ಕ ಸಂಗತಿಯೆಂಬುದರಲ್ಲಿ ಸಂದೇಹವಿಲ್ಲ. ಭೌತವಿಜ್ಞಾನದ ಅಧ್ಯಾಪಕನಾದ ನನ್ನನ್ನು ಅವರು ಕೇಳುವ ಮೊದಲ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ: “ಸರ್, ಯಾವ ಫ್ರೀಕ್ವೆನ್ಸಿ ಇಟ್ಟರೆ ಹೆಚ್ಚು ದೂರ ಹೋಗುತ್ತದೆ?” ಈ ಪ್ರಶ್ನೆ ತಪ್ಪಲ್ಲ, ಆದರೆ ಅರೆಯಾದದ್ದು. ದೂರದ ಮಾತಿಗೆ ಮೊದಲು ಕೇಳಬೇಕಾದದ್ದು ಬೇರೆ: ನಾವು ಆರಿಸಿದ ಆವರ್ತಾಂಕದಲ್ಲಿ ಈಗಾಗಲೇ ಯಾರು ವಾಸವಾಗಿದ್ದಾರೆ?

ದೂರದ ವಿಚಾರವನ್ನು ಬೇಗ ಮುಗಿಸಿಬಿಡೋಣ. ಒಂದು ಅಡಿ ಉದ್ದದ ಕಾರು ನೂರು ಮೀಟರಿನಾಚೆ ಹೋದರೆ ಅದರ ಮೂತಿ ಯಾವ ಕಡೆಗಿದೆಯೆಂಬುದೇ ಕಣ್ಣಿಗೆ ತಿಳಿಯದು. ಹೀಗಿರಲು ಅದನ್ನು ತಿರುಗಿಸುವುದೆಂತು? ನೂರು ಮೀಟರಿಗೆ ಕೆಲವು ಹತ್ತು ಮಿಲಿವ್ಯಾಟುಗಳ ಶಕ್ತಿ ಧಾರಾಳವಾಯಿತು. ಕಿಲೋಮೀಟರುಗಟ್ಟಲೆ ದೂರ ವಿಮಾನದ ಮಾದರಿಗೆ ಬೇಕಾದೀತು, ಕಾರಿಗೆ ಬೇಡ.

ರೇಡಿಯೋ ಅಲೆ ಸೆಕೆಂಡಿಗೆ ಎಷ್ಟು ಸಲ ಆಂದೋಲಿಸುತ್ತದೆಯೋ ಆ ಸಂಖ್ಯೆಯೇ ಅದರ ಆವರ್ತಾಂಕವಷ್ಟೆ. 27 ಮೆಗಾಹರ್ಟ್ಸಿನ ಅಲೆಯ ಉದ್ದ ಸುಮಾರು 11 ಮೀಟರ್. 2400 ಮೆಗಾಹರ್ಟ್ಸಿನದು 12.5 ಸೆಂಟಿಮೀಟರ್. ಆಂಟೆನಾ ಅಲೆಯುದ್ದದ ಕಾಲುಭಾಗದಷ್ಟಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದುದರಿಂದಲೇ ಹಿಂದಿನ ರಿಮೋಟುಗಳಿಗೆ ಎಳೆದು ಉದ್ದಮಾಡುವ ಲೋಹದ ಕೋಲು ಇರುತ್ತಿತ್ತು. ಇಂದಿನವಕ್ಕೆ ಮೂರು ಸೆಂಟಿಮೀಟರಿನ ತಂತಿ ಸಾಕು.

ಒಬ್ಬನ ಅಲೆ ಮತ್ತೊಬ್ಬನ ಯಂತ್ರವನ್ನು ಕೆಡಿಸಬಾರದೆಂಬ ಚಿಂತೆ ಈ ವಿದ್ಯೆಯಷ್ಟೇ ಹಳೆಯದು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ತಂತಿಯಿಲ್ಲದೆ ಚಲಿಸುವ ದೋಣಿಯನ್ನು ಪ್ರದರ್ಶಿಸಿದನು. ಎರಡು ಬೇರೆ ಬೇರೆ ಆವರ್ತಾಂಕಗಳು ಒಟ್ಟಿಗೆ ಬಂದಾಗ ಮಾತ್ರ ಗ್ರಾಹಕವು ಎಚ್ಚರಗೊಳ್ಳುವ ಏರ್ಪಾಡಿಗೆ ಅವನು 1903ರಲ್ಲಿ ಪೇಟೆಂಟನ್ನೂ ಪಡೆದನು. ಬಳಿಕ ಹವ್ಯಾಸಿಗಳು ಹಿಡಿದ ದಾರಿ ಇದಕ್ಕಿಂತ ಸರಳವಾದದ್ದು. 27 ಮೆಗಾಹರ್ಟ್ಸಿನ ಪಟ್ಟಿಯಲ್ಲಿ ಆರು ಚಾನೆಲುಗಳು. ಒಂದೊಂದಕ್ಕೂ ಒಂದು ಬಣ್ಣ. 26.995 ಕಂದು, 27.045 ಕೆಂಪು, 27.095 ಕಿತ್ತಳೆ, 27.145 ಹಳದಿ, 27.195 ಹಸುರು, 27.255 ನೀಲಿ. ಆಂಟೆನಾದ ತುದಿಗೆ ಆ ಬಣ್ಣದ ಬಾವುಟ ಕಟ್ಟಬೇಕು. ಅದೇ ಬಣ್ಣದವನು ಮೈದಾನದಲ್ಲಿ ಮೊದಲೇ ಇದ್ದರೆ ತನ್ನ ಸರದಿಗೆ ಕಾಯಬೇಕು. ಅಮೆರಿಕೆಯಲ್ಲಿ 72 ಮೆಗಾಹರ್ಟ್ಸಿನ ಪಟ್ಟಿಯನ್ನು ಮಾದರಿ ವಿಮಾನಗಳಿಗೂ 75ರದನ್ನು ನೆಲದ ಮೇಲಿನ ಕಾರು ದೋಣಿಗಳಿಗೂ ಬೇರೆಯಾಗಿಯೇ ಇಟ್ಟರು. ಕಾರು ಹಿಡಿತ ತಪ್ಪಿದರೆ ಗೋಡೆಗೆ ಬಡಿದೀತು, ವಿಮಾನ ತಪ್ಪಿದರೆ ಯಾರ ತಲೆಯ ಮೇಲಾದರೂ ಬಿದ್ದೀತು.

ಇಂದಿನ ರಿಮೋಟುಗಳಲ್ಲಿ ಬಾವುಟವಿಲ್ಲ. 2400 ಮೆಗಾಹರ್ಟ್ಸಿನ ಪ್ರೇಷಕವು ಒಂದೇ ಕಡೆ ನಿಲ್ಲದೆ ಕ್ಷಣಕ್ಷಣಕ್ಕೂ ಚಾನೆಲಿನಿಂದ ಚಾನೆಲಿಗೆ ಜಿಗಿಯುತ್ತದೆ. ಅದರ ಜೊತೆಯ ಗ್ರಾಹಕವೂ ಅದೇ ಕ್ರಮದಲ್ಲಿ ಜಿಗಿಯುತ್ತದೆ. ಈ ಯುಕ್ತಿಯ ಒಂದು ರೂಪಕ್ಕೆ 1942ರಲ್ಲಿ ಪೇಟೆಂಟು ಪಡೆದವರು ಹೆಡಿ ಲಾಮಾರ್ ಎಂಬ ಚಿತ್ರನಟಿ ಮತ್ತು ಜಾರ್ಜ್ ಆಂಥೀಲ್ ಎಂಬ ಸಂಗೀತಗಾರ. ಟಾರ್ಪೆಡೋವನ್ನು ನಡೆಸುವ ರೇಡಿಯೋ ಸಂಜ್ಞೆಯನ್ನು ಶತ್ರು ಕೆಡಿಸದಿರಲೆಂದು, ಪಿಯಾನೋದ ಮನೆಗಳ ಸಂಖ್ಯೆಗೆ ಸರಿಯಾಗಿ 88 ಆವರ್ತಾಂಕಗಳನ್ನು ಬಳಸುವ ಯೋಜನೆ ಅದು. ಯಾವ ಕಲ್ಪನೆ ಎಲ್ಲಿ ಹುಟ್ಟಿ ಎಲ್ಲಿ ಉಪಯೋಗಕ್ಕೆ ಬರುತ್ತದೆಂದು ಹೇಳಬಲ್ಲವರಾರು! ಸಿದ್ಧವಾಗಿ ದೊರೆಯುವ ಒಳ್ಳೆಯ ರಿಮೋಟನ್ನು ಕೊಂಡವರು ಈ ಜಿಗಿತದ ಫಲವನ್ನು ತಿಳಿಯದೆಯೇ ಅನುಭವಿಸುತ್ತಾರೆ. ಅವರಿಗೆ ಆವರ್ತಾಂಕವನ್ನು ಆರಿಸುವ ಚಿಂತೆಯೇ ಇಲ್ಲ.

ಚಿಂತೆಯಿರುವುದು ತಾವೇ ಕಟ್ಟುವವರ ವಿಷಯದಲ್ಲಿ. ಅವರಲ್ಲಿ ಬಹುಮಂದಿ ಬಳಸುವುದು ಎನ್‌ಆರ್‌ಎಫ್24ಎಲ್01 ಎಂಬ ಅಗ್ಗದ ಮಾಡ್ಯೂಲನ್ನು. ಅದರಲ್ಲಿ 0ಯಿಂದ 125ರ ವರೆಗೆ 126 ಚಾನೆಲುಗಳಿವೆ. ಚಾನೆಲಿನ ಸಂಖ್ಯೆಯನ್ನು 2400ಕ್ಕೆ ಕೂಡಿಸಿದರೆ ಮೆಗಾಹರ್ಟ್ಸಿನಲ್ಲಿ ಆವರ್ತಾಂಕ ಬರುತ್ತದೆ. ಎಲ್ಲಿಯೋ ಬರೆದಿಟ್ಟ ಪಾಠವೊಂದನ್ನು ನೋಡಿ ನಮ್ಮ ವಿದ್ಯಾರ್ಥಿಗಳು ಚಾನೆಲನ್ನು 108 ಎಂದು ಇಡುತ್ತಾರೆ. ಏಕೆಂದು ಕೇಳಿದರೆ, “ಅಲ್ಲಿ ವೈಫೈ ಗದ್ದಲವಿಲ್ಲ ಸರ್” ಎನ್ನುತ್ತಾರೆ. ಗದ್ದಲವಿಲ್ಲವೆಂಬುದು ದಿಟ. ಏಕಿಲ್ಲ? ಅದು ನಮ್ಮ ಜಾಗವಲ್ಲದ್ದರಿಂದ! ಭಾರತ ಸರ್ಕಾರವು 2005ರ ಜನವರಿಯ ಅಧಿಸೂಚನೆಯಲ್ಲಿ ಪರವಾನಗಿಯಿಲ್ಲದೆ ಬಳಸಲು ಬಿಟ್ಟುಕೊಟ್ಟದ್ದು 2400ರಿಂದ 2483.5 ಮೆಗಾಹರ್ಟ್ಸ್ ವರೆಗಿನ ಪಟ್ಟಿ. ಎಂದರೆ ಈ ಮಾಡ್ಯೂಲಿನಲ್ಲಿ 83ರಾಚೆಯ ಚಾನೆಲುಗಳೆಲ್ಲ ಬೇಲಿಯ ಹೊರಗಿನವು. ಮಾಡ್ಯೂಲಿಗೆ ಅಲ್ಲಿ ಮಾತಾಡುವ ಸಾಮರ್ಥ್ಯವುಂಟು, ನಮಗೆ ಹಕ್ಕಿಲ್ಲ.

ಬೇಲಿಯ ಆಚೆ ಯಾರಿದ್ದಾರೆಂದು ನೋಡಿದರೆ ಬೆಂಗಳೂರಿನವರಾದ ನಾವು ಕೊಂಚ ನಾಚಬೇಕು. 2483.5ರಿಂದ 2500ರ ವರೆಗೆ ಇರುವುದು ನಮ್ಮದೇ ನಾವಿಕ್ ಉಪಗ್ರಹಗಳ ಸಂಜ್ಞೆಗಳಲ್ಲಿ ಒಂದು. ಅದರ ನಡು ಆವರ್ತಾಂಕ 2492.028. ಈ ಮಾಲೆಯ ಮೊದಲನೆಯ ಉಪಗ್ರಹವನ್ನು ಇಸ್ರೋ 2013ರ ಜುಲೈ 1ರಂದು ಹಾರಿಸಿತು. ಆ ಸಂಸ್ಥೆಯ ಮುಖ್ಯ ಕಚೇರಿ ಇರುವುದು ಹೆಬ್ಬಾಳಕ್ಕೆ ಸಮೀಪದ ನ್ಯೂ ಬಿಇಎಲ್ ರಸ್ತೆಯಲ್ಲಿ. ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಬರುವ ಆ ಸಂಜ್ಞೆ ನೆಲದ ಮೇಲಿನ ಗ್ರಾಹಕಕ್ಕೆ ತಲುಪುವ ವೇಳೆಗೆ, ಒಂದು ವ್ಯಾಟನ್ನು 1ರ ಮುಂದೆ 16 ಸೊನ್ನೆಗಳಿರುವ ಸಂಖ್ಯೆಯಿಂದ ಭಾಗಿಸಿದಷ್ಟು ಮಾತ್ರ ಉಳಿದಿರುತ್ತದೆ. ನಮ್ಮ ಮಾಡ್ಯೂಲಿನ ಶಕ್ತಿ ಬರಿಯ ಒಂದು ಮಿಲಿವ್ಯಾಟ್. ಅದು ಎಲ್ಲ ಕಡೆಗೂ ಸಮನಾಗಿ ಹರಡಿತೆಂದು ಭಾವಿಸಿ, ನೂರು ಮೀಟರ್ ತ್ರಿಜ್ಯದ ಗೋಲದ ಮೇಲೆ ಹಂಚಿ, ಗ್ರಾಹಕದ ಪುಟ್ಟ ಆಂಟೆನಾ ಹಿಡಿಯುವ ಪಾಲನ್ನು ಲೆಕ್ಕ ಹಾಕಿದರೆ, ಒಂದು ವ್ಯಾಟನ್ನು 1ರ ಮುಂದೆ 11 ಸೊನ್ನೆಗಳಿರುವ ಸಂಖ್ಯೆಯಿಂದ ಭಾಗಿಸಿದಷ್ಟು ಬರುತ್ತದೆ. ಆಟದ ಕಾರಿನ ಪಿಸುಮಾತು ಉಪಗ್ರಹದ ಮಾತಿಗಿಂತ ಲಕ್ಷಪಾಲು ದೊಡ್ಡದು! ಶಕ್ತಿವರ್ಧಕ ಜೋಡಿಸಿದ, ಉದ್ದ ಆಂಟೆನಾದ ಮಾಡ್ಯೂಲು ಸುಮಾರು 100 ಮಿಲಿವ್ಯಾಟಿನದು, ಅದಾದರೆ ಕೋಟಿಪಾಲು.

ಉಪಗ್ರಹದ ಗ್ರಾಹಕಗಳಿಗೆ ಗದ್ದಲದ ನಡುವಿನಿಂದ ತಮ್ಮ ಸಂಜ್ಞೆಯನ್ನು ಹೆಕ್ಕಿ ತೆಗೆಯುವ ಜಾಣ್ಮೆಯುಂಟು. ನಮ್ಮ ಜೇಬಿನ ಫೋನುಗಳು ಬಹುಮಟ್ಟಿಗೆ ನಾವಿಕಿನ ಮತ್ತೊಂದು ಸಂಜ್ಞೆಯನ್ನೇ, ಅಂದರೆ 1176.45 ಮೆಗಾಹರ್ಟ್ಸಿನದನ್ನು, ಆಶ್ರಯಿಸಿವೆಯೆಂಬುದೂ ನಿಜ. ಆದರೂ ಲಕ್ಷಪಾಲಿನ ವ್ಯತ್ಯಾಸವನ್ನು ಹಗುರವಾಗಿ ಕಾಣುವುದು ವಿಜ್ಞಾನದ ವಿದ್ಯಾರ್ಥಿಗೆ ತಕ್ಕುದಲ್ಲ.

ಇನ್ನು 915 ಮೆಗಾಹರ್ಟ್ಸಿನ ಮಾತು. ಇದು ಅಮೆರಿಕೆಯಲ್ಲಿ 902ರಿಂದ 928ರ ವರೆಗೆ ಮುಕ್ತವಾಗಿರುವ ಪಟ್ಟಿ. ಅಂತರರಾಷ್ಟ್ರೀಯ ಹಂಚಿಕೆಯಲ್ಲಿ ಜಗತ್ತನ್ನು ಮೂರು ವಲಯಗಳಾಗಿ ಮಾಡಿದ್ದಾರೆ. ಅಮೆರಿಕೆಗಳು ಎರಡನೆಯದರಲ್ಲಿ, ನಾವು ಮೂರನೆಯದರಲ್ಲಿ. ನಮ್ಮಲ್ಲಿ 890ರಿಂದ 915ರ ವರೆಗೆ ಮೊಬೈಲ್ ಫೋನುಗಳು ಗೋಪುರದೊಡನೆ ಮಾತಾಡುವ ದಾರಿ. ಹೆಬ್ಬಾಳದ ಮಹಡಿಯೊಂದರ ಮೇಲಿನ ಗೋಪುರ ದೂರದ ಫೋನಿನ ಕ್ಷೀಣ ದನಿಗೆ ಕಿವಿಗೊಟ್ಟಿರುವಾಗ, ಕೆಳಗೆ ಆಟವಾಡುವವನು ಆ ಕಿವಿಯಲ್ಲೇ ಕೂಗಿದಂತಾಗುತ್ತದೆ. ಇದರ ಬದಲಿಗೆ ನಮ್ಮ ಸರ್ಕಾರ ಬಿಟ್ಟುಕೊಟ್ಟ 865ರಿಂದ 868ರ ಪಟ್ಟಿಯಿದೆ. ಒಂದೇ ಬಗೆಯ ಆಂಟೆನಾ, ಒಂದೇ ಶಕ್ತಿ ಇದ್ದರೆ ಅಲ್ಲಿ ಸಂಜ್ಞೆ 2400ರದಕ್ಕಿಂತ ಸುಮಾರು ಎಂಟುಪಾಲು ಬಲವಾಗಿ ತಲುಪುತ್ತದೆ. ಗಿಡಮರಗಳ ನಡುವೆ ಓಡಿಸುವವರಿಗೆ ಇದು ಲಾಭ. ಕೆಲವು ಪ್ರೇಷಕಗಳಲ್ಲಿ ದೇಶವನ್ನು ಆರಿಸುವ ಅವಕಾಶವೇ ಇರುತ್ತದೆ. ಪೆಟ್ಟಿಗೆ ತೆರೆದ ಕೂಡಲೆ ಅದನ್ನು ನೋಡಬೇಕು. 433 ಮೆಗಾಹರ್ಟ್ಸೂ ಮುಕ್ತವೇ, ಆದರೆ ಕೇವಲ 10 ಮಿಲಿವ್ಯಾಟಿಗೆ. ಅಲ್ಲಿ ಕಾರಿನ ಬೀಗದ ರಿಮೋಟುಗಳೂ ಮನೆಯ ಕರೆಗಂಟೆಗಳೂ ತುಂಬಿಕೊಂಡಿವೆ.

ಹಳೆಯ 27 ಮೆಗಾಹರ್ಟ್ಸಿನ ಆಟಿಕೆಯನ್ನು ಬಿಚ್ಚಿ ಶಕ್ತಿವರ್ಧಕ ಜೋಡಿಸುವ ಸಾಹಸಿಗಳಿಗೂ ಒಂದು ಮಾತು. ಒರಟಾಗಿ ಕಟ್ಟಿದ ವರ್ಧಕವು ಮೂಲ ಆವರ್ತಾಂಕದ ಎರಡರಷ್ಟು, ಮೂರರಷ್ಟು, ಐದರಷ್ಟು ಆವರ್ತಾಂಕಗಳನ್ನೂ ಹೊರಸೂಸುತ್ತದೆ. ಹಳದಿ ಬಾವುಟದ 27.145ನ್ನು ಐದರಿಂದ ಗುಣಿಸಿ ನೋಡಿ: 135.725. ವಿಮಾನ ಚಾಲಕರು ನೆಲದೊಡನೆ ಮಾತಾಡುವ ಪಟ್ಟಿ 118ರಿಂದ 137ರ ವರೆಗೆ. ಜಕ್ಕೂರಿನ ವಿಮಾನಾಂಗಣವೂ ಯಲಹಂಕದ ವಾಯುಸೇನಾ ನೆಲೆಯೂ ನಮ್ಮ ಆಟದ ಬಯಲುಗಳಿಗೆ ಎಷ್ಟು ಸಮೀಪವೆಂದು ಈ ಕಡೆಯವರಿಗೆ ಹೇಳಬೇಕಾದದ್ದಿಲ್ಲ.

“ಇಷ್ಟು ಚಿಕ್ಕ ಕಾರನ್ನು ಯಾರು ಹಿಡಿಯಬಂದಾರು?” ಎಂದು ಕೇಳುವವರುಂಟು. ಬಹುಶಃ ಯಾರೂ ಬರಲಾರರು. ನನ್ನ ವಾದ ಹಿಡಿಯುವವರ ಭಯವನ್ನು ಅವಲಂಬಿಸಿದ್ದಲ್ಲ. ನಿಸ್ತಂತು ಉಪಕರಣವನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದನ್ನೇ 1933ರ ಕಾನೂನು ನಿಷೇಧಿಸಿತ್ತು. ಅಂಥ ದೇಶದಲ್ಲಿ 2005ರಲ್ಲಿ ಒಂದು ಪಟ್ಟಿಯನ್ನು ಸಾಮಾನ್ಯರಿಗೆ ಬಿಟ್ಟುಕೊಟ್ಟಾಗ ಹಾಕಿದ ಷರತ್ತು ಚಿಕ್ಕದು: ಇತರರಿಗೆ ತೊಂದರೆ ಕೊಡಬಾರದು, ಇತರರಿಂದ ತೊಂದರೆಯಾದರೆ ರಕ್ಷಣೆ ಕೇಳಬಾರದು. ಈ ಏರ್ಪಾಡಿನಿಂದಲೇ ವೈಫೈ ಮನೆಮನೆಗೆ ಬಂದದ್ದು, ನಿಮ್ಮ ಕಾರು ಓಡುವುದು.

ತಪ್ಪು ವಿದ್ಯಾರ್ಥಿಗಳದು ಮಾತ್ರವೂ ಅಲ್ಲ. ವಿದ್ಯುತ್ಕಾಂತ ರೋಹಿತದ ಚಿತ್ರವನ್ನು ನಾವು ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ. ಗಾಮಾ ಕಿರಣದಿಂದ ರೇಡಿಯೋ ಅಲೆಯವರೆಗೆ ಬಾಯಿಪಾಠ ಮಾಡಿಸುತ್ತೇವೆ. ಆ ರೋಹಿತದ ಒಂದೊಂದು ತುಂಡೂ ಒಬ್ಬೊಬ್ಬರಿಗೆ ಹಂಚಿಕೆಯಾಗಿದೆಯೆಂದು ಎಷ್ಟು ತರಗತಿಗಳಲ್ಲಿ ಹೇಳುತ್ತೇವೆ? ಕಾಲೇಜುಗಳು ಕಾರಿನ ಸ್ಪರ್ಧೆಗಳನ್ನು ಏರ್ಪಡಿಸುವಾಗ ಕಾರಿನ ತೂಕವನ್ನೂ ಚಕ್ರದ ಅಳತೆಯನ್ನೂ ಕೇಳುತ್ತವೆ. ಪ್ರವೇಶಪತ್ರದಲ್ಲಿ ಆವರ್ತಾಂಕಕ್ಕೂ ಶಕ್ತಿಗೂ ಒಂದೊಂದು ಮನೆ ಇರಬೇಕೆಂದು ನಾನು ಒತ್ತಾಯಿಸುತ್ತೇನೆ. ಕಂಪ್ಯೂಟರಿಗೆ ಜೋಡಿಸುವ ಅಗ್ಗದ ರೇಡಿಯೋ ಗ್ರಾಹಕವೊಂದು ಪ್ರಯೋಗಶಾಲೆಯಲ್ಲಿದ್ದರೆ 27, 433, 866, 915 ಎಲ್ಲವನ್ನೂ ಪರೀಕ್ಷಿಸಬಹುದು. ಅದು 2400ರ ಎತ್ತರಕ್ಕೆ ಏರಲಾರದು. ಅಲ್ಲಿಗೆ ನಮ್ಮ ಚಿಕ್ಕ ಮಾಡ್ಯೂಲೇ ಸಾಕು. ಯಾವ ಚಾನೆಲಿನಲ್ಲಿ ಸದ್ದಿದೆಯೆಂದು ಗುರುತಿಸುವ ಶಕ್ತಿ ಅದರಲ್ಲೇ ಅಡಗಿದೆ.

ಈ ಪ್ರಯೋಗವನ್ನು ವಾಚಕರೇ ಮಾಡಿ ನೋಡಬಹುದು. 0ಯಿಂದ 83ರ ವರೆಗೆ ಪ್ರತಿ ಚಾನೆಲಿನಲ್ಲೂ ನೂರು ಸಲ ಆಲಿಸಿ, ಎಷ್ಟು ಸಲ ಸದ್ದು ಕೇಳಿತೆಂದು ಎಣಿಸಿರಿ. ವೈಫೈಯ 1, 6, 11ನೆಯ ಚಾನೆಲುಗಳ ನಡುಗಳು ಮಾಡ್ಯೂಲಿನ 12, 37, 62ಕ್ಕೆ ಬೀಳುತ್ತವೆ, ಆರ್.ಟಿ. ನಗರದ ಮನೆಯೊಳಗೆ ಅಲ್ಲಿ ಗುಡ್ಡಗಳು ಕಂಡಾವು. 75ರಿಂದ 82ರ ನಡುವೆ ಸಾಮಾನ್ಯವಾಗಿ ತಗ್ಗು ಇರುತ್ತದೆ. 108ರಲ್ಲಿ ಹುಡುಕುತ್ತಿದ್ದ ನಿಶ್ಶಬ್ದ ಬೇಲಿಯ ಒಳಗೇ ಉಂಟು. ಮಾಹಿತಿಯ ವೇಗವನ್ನು ಸೆಕೆಂಡಿಗೆ 250 ಕಿಲೋಬಿಟ್ಟಿಗೆ ಇಳಿಸಿದರೆ ಸಂಜ್ಞೆ ಒಂದು ಮೆಗಾಹರ್ಟ್ಸಿನೊಳಗೇ ಅಡಗುತ್ತದೆ. ಕಾರಿನ ಚಕ್ರ ತಿರುಗಿಸಲು ಅಷ್ಟು ವೇಗ ಬೇಕಾದಷ್ಟಾಯಿತು. ಎಣಿಕೆಯನ್ನು ನಕ್ಷೆಯಾಗಿ ಬರೆದು, ಸ್ಥಳ, ದಿನಾಂಕ, ಹೊತ್ತುಗಳನ್ನು ನಮೂದಿಸಿ ಕಾರಿನ ಪೆಟ್ಟಿಗೆಯಲ್ಲಿಡಿ. ಸ್ಪರ್ಧೆಯ ದಿನ ನಾನು ತೀರ್ಪುಗಾರನಾಗಿ ಬಂದರೆ ಮೊದಲು ಕೇಳುವ ಕಾಗದ ಅದೇ.