ಶಾಲೆ ಹತ್ತಿರವೇ ಉಂಟು, ದಾರಿ ಎಲ್ಲಿ?

ಮದ್ರಸದಿಂದ ಬಂದ ಮಗು ಚಾ ಕುಡಿದು ಶಾಲೆಗೆ ಹೊರಡುತ್ತದೆ. "ಹತ್ತಿರವೇ ಅಲ್ವಾ" ಎಂದು ನಾವು ಕಳುಹಿಸುತ್ತೇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ 2010ರಲ್ಲಿ ಬಂದ ಕೇಂದ್ರದ ನಿಯಮವೂ ಹತ್ತಿರವನ್ನು ಕಿಲೋಮೀಟರಿನಲ್ಲೇ ಅಳೆಯುತ್ತದೆ: 1ರಿಂದ 5ನೇ ತರಗತಿಗೆ 1 ಕಿ.ಮೀ., 6ರಿಂದ 8ಕ್ಕೆ 3 ಕಿ.ಮೀ. ಆದರೆ ನಡುವೆ ದೊಡ್ಡ ರಸ್ತೆ ಬಂದರೆ ಆ ಒಂದು ಕಿಲೋಮೀಟರೇ ದೂರವಾಗುತ್ತದೆ.

2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯನ್ನು ನೋಡಿ. ಕೂಡ್ಲಿಗಿ ಕಡೆ ರಾಷ್ಟ್ರೀಯ ಹೆದ್ದಾರಿ 50. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳಲ್ಲಿ ಹೊಸಪೇಟೆ–ಹರಿಹರ ರೈಲು ಹಳಿ. ಹಡಗಲಿಯಂಥ ತಾಲೂಕಿನಲ್ಲಿ ಹಳ್ಳಿ ಮಕ್ಕಳು ಹೈಸ್ಕೂಲಿಗೆ ಬಸ್ಸು ಹಿಡಿಯಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಬಸ್ಸು ಉಚಿತವಾಯಿತು, ಒಳ್ಳೆಯದೇ. ಆದರೆ ಬಸ್ ಸ್ಟಾಪಿನಿಂದ ಶಾಲೆಯ ಗೇಟಿನವರೆಗೆ ನಡೆಯಲಿಕ್ಕೆ ಉಂಟಲ್ಲ? ಆ ದಾರಿಗೆ ಹೆದರಿ ಮಗಳ ಓದು ನಿಲ್ಲಿಸುವ ಮನೆಗಳು ಎಲ್ಲ ಸಮುದಾಯಗಳಲ್ಲೂ ಉಂಟು.

ಇನ್ನು ಹೊಸ ಲೇಔಟ್‌ಗಳು. ಸೈಟು, ಪಾರ್ಕು ಲೆಕ್ಕ ಹಾಕುತ್ತಾರೆ. ಪಕ್ಕದ ಬಡಾವಣೆಗೆ ಕಾಲುದಾರಿ ಬಿಟ್ಟಿದ್ದಾರಾ ಎಂದು ಕೇಳುವವರು ಕಡಿಮೆ. ಒಳಗಿನ ರಸ್ತೆ ಕಾಂಪೌಂಡಿಗೆ ಹೋಗಿ ನಿಂತರೆ ಮಗು ಸುತ್ತಿ ಮುಖ್ಯ ರಸ್ತೆಗೇ ಬರಬೇಕು. ಅಲ್ಲಿ ಫುಟ್‌ಪಾತ್ ಇದ್ದರೂ ಬೈಕು, ಅಂಗಡಿ ಸಾಮಾನು.

ಆ ಊರುಗಳಲ್ಲಿ ಬ್ಯಾರಿಗಳು ಎಷ್ಟಿದ್ದಾರೆ ಎಂದು ಕೇಳಬೇಡಿ. ಹೆದ್ದಾರಿ 66ರ ಬದಿಯ ನಮ್ಮ ಊರುಗಳ ಕಥೆಯೂ ಇದೇ. ನಮ್ಮ ಮಕ್ಕಳಂತೂ ಬೆಳಿಗ್ಗೆ ಮದ್ರಸಕ್ಕೆ ಒಮ್ಮೆ, ಶಾಲೆಗೆ ಒಮ್ಮೆ, ಎರಡೆರಡು ಸಲ ರಸ್ತೆಗೆ ಇಳಿಯುವವರು.

ಕೇಳಲಿಕ್ಕೆ ನಮಗೆ ಆಧಾರ ಉಂಟು. ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ಚಿಕ್ಕ ಮಕ್ಕಳಿಗೆ ಅಪಾಯವಿದ್ದರೆ ದೂರದ ಮಿತಿ ಕಡಿಮೆ ಮಾಡಿ ಶಾಲೆ ಕೊಡಬೇಕೆಂದು ಅದೇ 2010ರ ನಿಯಮ ಹೇಳುತ್ತದೆ. ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಜಾಗ ಖಾಲಿ ಇರಬೇಕು ಎಂಬುದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಮಿನಲ್ಲಿ ರಸ್ತೆ ವಿನ್ಯಾಸದ ಲೋಪದಿಂದ ಸಾವು, ಅಂಗವೈಕಲ್ಯವಾದರೆ ಹೊಣೆಗಾರರಿಗೆ 1 ಲಕ್ಷ ರೂ.ವರೆಗೆ ದಂಡವೂ ಉಂಟು. ವಿಜಯನಗರ ಜಿಲ್ಲೆಗಾದರೆ ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನವೂ ಇದೆ. ಡಾಂಬರಿಗೆ ಸಿಗುವ ಹಣ ಕಾಲುದಾರಿಗೆ ಯಾಕೆ ಸಿಗಬಾರದು?

ಒಂದು ಬೆಳಿಗ್ಗೆ ಬೈಕು ಮನೆಯಲ್ಲಿಟ್ಟು ಮಗುವಿನ ಜೊತೆ ನಡೆದು ನೋಡೋಣ. ಎಲ್ಲಿ ಕೈ ಗಟ್ಟಿಯಾಗಿ ಹಿಡಿದೆವೋ ಆ ಜಾಗ ಬರೆದಿಡೋಣ. ಆ ಪಟ್ಟಿ ಎಸ್‌ಡಿಎಂಸಿ ಸಭೆಗೂ ಪಂಚಾಯಿತಿ, ಪುರಸಭೆಗೂ ಹೋಗಲಿ. ಜಮಾಅತ್ ಕಮಿಟಿಯೂ ಸಹಿ ಹಾಕಲಿ.