ನಮ್ಮನ್ನು ನೋಡಿ ನಕ್ಕ ನಾಟಕಕ್ಕೆ ನಾವೇಕೆ ಚಪ್ಪಾಳೆ ತಟ್ಟಬೇಕು?

ನವೆಂಬರ್ ಬಂತೆಂದರೆ ಹೊರನಾಡ ಕನ್ನಡಿಗರ ವಾಟ್ಸಾಪ್ ಗುಂಪುಗಳಿಗೆ ಮೂರು ಸಂದೇಶಗಳು ತಪ್ಪದೆ ಬಂದು ಬೀಳುತ್ತವೆ. ಕನ್ನಡಕ್ಕೆ ಎಂಟು ಜ್ಞಾನಪೀಠ ಬಂದಿದೆ ಎಂಬುದು ಮೊದಲನೆಯದು. ವಿನೋಬಾ ಭಾವೆಯವರು ಕನ್ನಡ ಲಿಪಿಯನ್ನು ಲಿಪಿಗಳ ರಾಣಿ ಎಂದರು ಎಂಬುದು ಎರಡನೆಯದು. ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕ್ ನಾಟಕದಲ್ಲಿ ಕನ್ನಡದ ಮಾತುಗಳಿದ್ದವು ಎಂಬುದು ಮೂರನೆಯದು. ಮೊದಲೆರಡರ ತಂಟೆಗೆ ನಾನು ಹೋಗುವುದಿಲ್ಲ. ನನ್ನ ಜಗಳ ಮೂರನೆಯದರ ಜೊತೆಗೆ. ಇಲ್ಲಿ ನಾಗಪುರದಲ್ಲಿ ನಾವು ಮಾಡುವ ರಾಜ್ಯೋತ್ಸವದ ವೇದಿಕೆಯಲ್ಲೂ ಯಾರಾದರೊಬ್ಬರು ಈ ಮಾತು ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ. ಆ ನಾಟಕದಲ್ಲಿ ಇರುವುದಾದರೂ ಏನು ಎಂದು ಹೇಳುವವರೂ ಇಲ್ಲ, ಕೇಳುವವರೂ ಇಲ್ಲ.

ಏನಿದೆ ಎಂದು ನೋಡೋಣ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಪ್ರಾಚೀನ ಪಟ್ಟಣದ ಕಸದ ದಿಬ್ಬಗಳನ್ನು ಅಗೆದ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಂಗ್ಲಿಷ್ ವಿದ್ವಾಂಸರು, ಅಲ್ಲಿ ಸಿಕ್ಕ ಪಪೈರಸ್ ಹಾಳೆಯೊಂದನ್ನು 413 ಎಂಬ ಸಂಖ್ಯೆ ಕೊಟ್ಟು 1903ರಲ್ಲಿ ಪ್ರಕಟಿಸಿದರು. ಬರಹ ಕ್ರಿ.ಶ. ಎರಡನೆಯ ಶತಮಾನದ್ದು. ಅದರಲ್ಲಿದ್ದುದು ಒಂದು ಪ್ರಹಸನ. ಅದರ ನಡುನಡುವೆ ಗ್ರೀಕ್ ಅಲ್ಲದ, ಅರ್ಥವಾಗದ ಮಾತುಗಳಿದ್ದವು. ಅವು ಕನ್ನಡವಿರಬಹುದು ಎಂದು ಮರುವರ್ಷವೇ ಬರೆದವರು ಜರ್ಮನಿಯ ಶಾಸನತಜ್ಞ ಹುಲ್ಟ್ಜ್. ಮೈಸೂರಿನ ಆರ್. ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಆ ಎಳೆ ಹಿಡಿದು ಮುಂದೆ ಹೋದರು. ಕೊಂಚ, ಮಧು, ಪಾತ್ರೆ ಎಂಬಂಥ ಪದಗಳು ಅಲ್ಲಿ ಕಂಡವು. ಬ್ರಿಟಿಷ್ ಮ್ಯೂಸಿಯಮ್ಮಿನ ಬಾರ್ನೆಟ್ ಅದನ್ನು ಒಪ್ಪದೆ 1926ರಲ್ಲಿ ಲೇಖನ ಬರೆದರು. ಅದು ತುಳು ಎಂದವರಿದ್ದಾರೆ. ಯಾವ ಭಾಷೆಯೂ ಅಲ್ಲ, ಪರಭಾಷೆಯ ಹಾಗೆ ಕೇಳಿಸಲೆಂದು ಹೊಸೆದ ಸದ್ದು ಎಂದವರೂ ಇದ್ದಾರೆ. ನೂರಿಪ್ಪತ್ತು ವರ್ಷ ಕಳೆದರೂ ಪಂಡಿತರ ಜಗಳ ಮುಗಿದಿಲ್ಲ. ಮುಗಿದಿರುವುದು ವಾಟ್ಸಾಪಿನಲ್ಲಿ ಮಾತ್ರ.

ಇರಲಿ, ಅದು ಕನ್ನಡವೇ ಎಂದು ಒಪ್ಪಿಕೊಳ್ಳೋಣ. ಈಗ ಕಥೆ ಕೇಳಿ. ಕ್ಯಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಹಿಂದೂ ಮಹಾಸಾಗರದ ತೀರದಲ್ಲೆಲ್ಲೋ, ಚಂದ್ರದೇವತೆಯ ಗುಡಿಯಲ್ಲಿ ಸೆರೆಯಾಗಿದ್ದಾಳೆ. ಅಣ್ಣ ಹಡಗಿನಲ್ಲಿ ಬಿಡಿಸಲು ಬರುತ್ತಾನೆ. ಆ ತೀರದ ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸುತ್ತಾರೆ. ಅವರು ಅಮಲೇರಿ ಏನೇನೋ ಒದರುತ್ತ ಕುಣಿಯುತ್ತಾರೆ. ಗ್ರೀಕರು ರಾಜನನ್ನು ಕಟ್ಟಿಹಾಕಿ ಹಡಗು ಹತ್ತುತ್ತಾರೆ. ನಡುವೆ ಬೇಟೆಯಿಂದ ಬರುವ ಬಿಲ್ಲುಗಾರ್ತಿ ಹೆಂಗಸರನ್ನು ಓಡಿಸಲು ವಿದೂಷಕನ ಬಳಿಯಿರುವ ಆಯುಧ ಅವನ ಅಪಾನವಾಯು. ಇದು ಇಡೀ ನಾಟಕ. ನಮ್ಮ ಪೂರ್ವಿಕರು ಅಲ್ಲಿದ್ದರೆ ಈ ಕುಡಿದ ಪರಿವಾರವೇ ಅವರು. ಅವರಾಡುವ ಕನ್ನಡ ಅಲ್ಲಿರುವುದು ಪ್ರೇಕ್ಷಕರಿಗೆ ಅರ್ಥವಾಗಲೆಂದಲ್ಲ, ಅರ್ಥವಾಗದೆ ನಗು ಬರಲೆಂದು.

ಗ್ರೀಕರಿಗೆ ತಮ್ಮ ಭಾಷೆ ಆಡದವರೆಲ್ಲ 'ಬಾರ್ಬರೋಸ್'. ಬರ್‌ಬರ್ ಎಂದು ಸದ್ದು ಮಾಡುವವರು ಎಂದರ್ಥ. ಕ್ರೌರ್ಯಕ್ಕೆ ನಾವು ಇಂದಿಗೂ ಬಳಸುವ 'ಬರ್ಬರ' ಅದರ ದಾಯಾದಿ. ಆ ಪ್ರಹಸನದಲ್ಲಿ ನಾವು ಬರ್ಬರರು. ಅದನ್ನೇ ನಾವು ಪ್ರಶಸ್ತಿಪತ್ರದ ಹಾಗೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ್ದೇವೆ.

ಹೊರನಾಡಿನಲ್ಲಿ ಬದುಕುವವರಿಗೆ ಈ ನಗು ಹೊಸತಲ್ಲ. ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸಿದರೆ ಪಕ್ಕದ ಮೇಜಿನವನು 'ಏನು ಯಂಡುಗುಂಡು ಅಂದೆ?' ಎಂದು ಕೇಳುತ್ತಾನೆ. ಅವನಿಗೆ ಅದು ತಮಾಷೆ, ನನಗೆ ಅದು ಅಮ್ಮನ ಮೊಣಕಾಲು ನೋವು. ಕ್ಯಾರಿಟಿಯಾನ್ ಪ್ರಹಸನವನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಟಿಪ್ಪಣಿ ಬೇಕಿಲ್ಲ. ಆದರೆ ನಾವೇನು ಮಾಡುತ್ತೇವೆ? ರಾಜ್ಯೋತ್ಸವದ ಕಿರುನಾಟಕದಲ್ಲಿ ಮರಾಠಿ ಮನೆಮಾಲೀಕನನ್ನು ತಂದು, ಅವನ ಬಾಯಲ್ಲಿ ಮುರುಕು ಕನ್ನಡ ಆಡಿಸಿ ನಗುತ್ತೇವೆ. ಬೆಂಗಳೂರಿನಲ್ಲಿರುವ ನಮ್ಮ ಬಂಧುಗಳು 'ಎನ್ನಡ ಎಕ್ಕಡ' ಎಂದು ಅಣಕಿಸುತ್ತಾರೆ. ಯಂಡುಗುಂಡು ಎನ್ನಿಸಿಕೊಂಡವರು ಎನ್ನಡ ಎಕ್ಕಡ ಎನ್ನುವುದರಲ್ಲಿ ಯಾವ ಸ್ವಾಭಿಮಾನವೂ ಇಲ್ಲ. ಅದು ಅದೇ ಪ್ರಹಸನ, ವೇಷ ಮಾತ್ರ ಅದಲುಬದಲು.

ಗ್ರೀಕ್ ರಂಗಭೂಮಿಯೊಂದಿಗೆ ಕನ್ನಡಕ್ಕೆ ನಂಟೇ ಇಲ್ಲವೆ? ಇದೆ, ಹೆಮ್ಮೆ ಪಡಬೇಕಾದಂಥ ನಂಟೇ ಇದೆ. ಅದನ್ನು ಕಟ್ಟಿಕೊಟ್ಟವರು ಬಿ.ಎಂ. ಶ್ರೀಕಂಠಯ್ಯನವರು. 'ಇಂಗ್ಲಿಷ್ ಗೀತಗಳು' ಎಂದ ಕೂಡಲೇ ನೆನಪಾಗುವ ಬಿಎಂಶ್ರೀ, ಸೊಫೊಕ್ಲೀಸನ 'ಅಜಾಕ್ಸ್' ನಾಟಕವನ್ನು ಮಹಾಭಾರತದೊಳಕ್ಕೆ ತಂದು 1929ರಲ್ಲಿ 'ಅಶ್ವತ್ಥಾಮನ್' ಕೊಟ್ಟರು. 1935ರಲ್ಲಿ ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಮೊದಲನೆಯದರ ಬಗ್ಗೆ ತರಗತಿಗಳಲ್ಲಿ ಚರ್ಚೆಯಾಗಿದೆ, ಚಿರಂಜೀವಿ ಅಶ್ವತ್ಥಾಮನನ್ನು ಸಾಯಿಸಬಹುದೇ ಎಂದು ಜಗಳವಾಗಿದೆ. ಎರಡನೆಯದರ ಹೆಸರನ್ನು ನಮ್ಮ ವೇದಿಕೆಗಳಲ್ಲಿ ಒಬ್ಬರೂ ಎತ್ತಿದ್ದು ನಾನು ಕೇಳಿಲ್ಲ. ನಮ್ಮಂಥವರು ಓದಲೇಬೇಕಾದ ನಾಟಕ ಅದು.

ಅದರ ಹಿನ್ನೆಲೆ ಇಷ್ಟು. ಕ್ರಿ.ಪೂ. 480ರಲ್ಲಿ ಪರ್ಷಿಯದ ದೊರೆ ಕ್ಸರ್ಕ್ಸೀಸ್ ಅಥೆನ್ಸಿನ ಮೇಲೆ ದಂಡೆತ್ತಿ ಬಂದು ಅಕ್ರೊಪೊಲಿಸ್ ಗುಡ್ಡದ ಮೇಲಿನ ಗುಡಿಗಳನ್ನು ಸುಟ್ಟ. ಅದೇ ವರ್ಷ ಸಲಾಮಿಸ್ ಕೊಲ್ಲಿಯಲ್ಲಿ ಅವನ ನೌಕಾಪಡೆ ನುಚ್ಚುನೂರಾಯಿತು. ಆಮೇಲೆ ಎಂಟೇ ವರ್ಷಕ್ಕೆ, ಕ್ರಿ.ಪೂ. 472ರಲ್ಲಿ, ಆ ಯುದ್ಧದಲ್ಲಿ ಹೋರಾಡಿದ ಈಸ್ಕಿಲಸ್ ಸುಟ್ಟ ಗುಡ್ಡದ ಬುಡದಲ್ಲೇ ಈ ನಾಟಕ ಆಡಿಸಿದ. ಖರ್ಚು ಹೊತ್ತವನು ಆಗಿನ್ನೂ ಯುವಕನಾಗಿದ್ದ ಪೆರಿಕ್ಲೀಸ್. ಇಳಿಜಾರಿನಲ್ಲಿ ಕುಳಿತವರಲ್ಲಿ ಮನೆ ಸುಟ್ಟುಹೋದವರಿದ್ದರು, ಮಕ್ಕಳನ್ನು ಕಳೆದುಕೊಂಡವರಿದ್ದರು. ಅವರ ಮುಂದೆ ಕವಿ ತಂದು ನಿಲ್ಲಿಸಿದ್ದು ಶತ್ರುವಿನ ಅರಮನೆಯನ್ನು. ನಾಟಕದಲ್ಲಿ ಒಬ್ಬ ಗ್ರೀಕ್ ಪಾತ್ರವೂ ಇಲ್ಲ, ಒಬ್ಬ ಗ್ರೀಕನ ಹೆಸರೂ ಬರುವುದಿಲ್ಲ. ಸತ್ತ ಪರ್ಷಿಯನ್ನರ ಹೆಸರುಗಳು ಮಾತ್ರ ಸಾಲುಸಾಲಾಗಿ ಬರುತ್ತವೆ. ರಣರಂಗದ ಸುದ್ದಿಗಾಗಿ ಕಾಯುವ ಮುದುಕರು, ಮಗನಿಗಾಗಿ ಕಾಯುವ ರಾಜಮಾತೆ, ಗೋರಿಯಿಂದೆದ್ದು ಬರುವ ತಂದೆಯ ಪ್ರೇತ, ಕೊನೆಗೆ ಹರಿದ ಬಟ್ಟೆಯಲ್ಲಿ ಬರುವ ಮಗ. ಅಥೆನ್ಸಿನ ಜನ ಇದಕ್ಕೆ ಮೊದಲ ಬಹುಮಾನ ಕೊಟ್ಟರು.

ರಾಜಮಾತೆ ಒಂದು ಕನಸು ಕಾಣುತ್ತಾಳೆ. ಇಬ್ಬರು ಹೆಂಗಸರು. ಒಬ್ಬಳದು ಪರ್ಷಿಯದ ಉಡುಗೆ, ಇನ್ನೊಬ್ಬಳದು ಗ್ರೀಸಿನ ಉಡುಗೆ. ಇಬ್ಬರೂ ಒಂದೇ ಕುಲದ ಅಕ್ಕತಂಗಿಯರು. ಅವರು ಜಗಳವಾಡುತ್ತಿರುವಾಗ ಮಗ ಇಬ್ಬರಿಗೂ ನೊಗ ಹೂಡಿ ತೇರಿಗೆ ಕಟ್ಟುತ್ತಾನೆ. ಒಬ್ಬಳು ಸುಮ್ಮನಿರುತ್ತಾಳೆ, ಇನ್ನೊಬ್ಬಳು ನೊಗ ಮುರಿಯುತ್ತಾಳೆ, ಮಗ ಬೀಳುತ್ತಾನೆ. ಗುಡಿ ಸುಟ್ಟವರನ್ನು ತನ್ನ ನಾಡಿನ ಅಕ್ಕತಂಗಿ ಎನ್ನಲು ಕವಿಗೆ ಎಷ್ಟು ಎದೆಗಾರಿಕೆ ಬೇಕು, ಅದನ್ನು ಕೇಳಿಸಿಕೊಂಡು ಕೂರಲು ಜನಕ್ಕೆ ಎಷ್ಟು ಬೇಕು, ಯೋಚಿಸಿ.

ಇದೆಲ್ಲ ಗೆದ್ದವರ ಉದಾರತನ, ಪೂರ್ವದವರನ್ನು ಅಳುಬುರುಕರಾಗಿ ತೋರಿಸುವ ಚಾಳಿ ಇಲ್ಲಿಂದಲೇ ಶುರುವಾಯಿತು ಎನ್ನುವವರು ಇದ್ದಾರೆ. 'ಓರಿಯಂಟಲಿಸಂ' ಬರೆದ ಎಡ್ವರ್ಡ್ ಸೈದ್ ಈ ನಾಟಕವನ್ನು ಹಾಗೆಯೇ ಓದಿದರು. ಆ ಆಕ್ಷೇಪದಲ್ಲಿ ಹುರುಳಿದೆ. ಗ್ರೀಕರು ಸಂತರೇನಲ್ಲ. ಮುಂದೆ ಅದೇ ಗುಡ್ಡದ ಮೇಲೆ ಪಾರ್ಥೆನಾನ್ ಕಟ್ಟಿದಾಗ ಅದರ ಹೊರಗಿನ ಫಲಕಗಳಲ್ಲಿ ಅರ್ಧ ಕುದುರೆ ಅರ್ಧ ಮನುಷ್ಯರಾದ ಸೆಂಟಾರರೊಂದಿಗಿನ ಕಾಳಗ ಕೆತ್ತಿದರು. ಪರ್ಷಿಯದ ಶತ್ರುವಿನ ನೆರಳು ಆ ಅರೆಮೃಗಗಳಲ್ಲಿದೆ ಎಂದು ಎಷ್ಟೋ ವಿದ್ವಾಂಸರು ಓದುತ್ತಾರೆ. ಗುಡ್ಡದ ಬುಡದಲ್ಲಿ, ನಾಟಕದ ಬಯಲಿನ ಪಕ್ಕಕ್ಕೇ, ಪೆರಿಕ್ಲೀಸ್ ಒಂದು ಸಂಗೀತಶಾಲೆ ಕಟ್ಟಿಸಿದ. ಅದರ ಸೂರು ಕ್ಸರ್ಕ್ಸೀಸನ ಡೇರೆಯ ಮಾದರಿಯದಾಗಿತ್ತು ಎಂದು ಪ್ಲೂಟಾರ್ಕ್ ಬರೆದಿದ್ದಾನೆ. ಅಂದರೆ ಒಂದೇ ಊರು ಶತ್ರುವನ್ನು ಕಲ್ಲಿನಲ್ಲಿ ಮೃಗ ಮಾಡಿತು, ಮರದಲ್ಲಿ ಗೆಲುವಿನ ಗುರುತು ಮಾಡಿತು, ನಾಟಕದಲ್ಲಿ ಮನುಷ್ಯನನ್ನು ಮಾಡಿತು. ಮೂರೂ ದಾರಿ ಅವರಿಗೆ ಗೊತ್ತಿತ್ತು. ಬಿಎಂಶ್ರೀ ನಮಗಾಗಿ ಮೂರನೆಯದನ್ನು ಆರಿಸಿದರು. ನಾವು ಹೋಗಿ ಕಸದ ದಿಬ್ಬದ ಪ್ರಹಸನವನ್ನು ಆರಿಸಿಕೊಂಡು ಬಂದಿದ್ದೇವೆ.

ವಲಸಿಗರಿಗೆ ಆ ರಂಗದಲ್ಲಿ ಜಾಗವಿತ್ತೇ ಎಂದು ಕೇಳಿದರೆ, ಇತ್ತು. ಹೊರಗಿನಿಂದ ಬಂದು ಅಥೆನ್ಸಿನಲ್ಲಿ ನೆಲೆಸಿದವರಿಗೆ ಮೆಟಿಕರು ಎಂದು ಹೆಸರು. ವರ್ಷಕ್ಕೆ 12 ದ್ರಾಕ್ಮಾ ತಲೆಗಂದಾಯ ಕಟ್ಟಬೇಕು. ಭೂಮಿ ಕೊಳ್ಳುವಂತಿಲ್ಲ, ಸಭೆಯಲ್ಲಿ ಮತವಿಲ್ಲ. ಆದರೂ ಡಯೊನೈಸಸ್ ಹಬ್ಬದ ಮೆರವಣಿಗೆಯಲ್ಲಿ ಬಣ್ಣದ ನಿಲುವಂಗಿ ತೊಟ್ಟು ಅವರು ನಡೆಯುತ್ತಿದ್ದರು. ಚಳಿಗಾಲದ ಲೆನಾಯ ಹಬ್ಬದಲ್ಲಿ ಮೇಳದಲ್ಲಿ ಹಾಡಬಹುದಿತ್ತು, ನಾಟಕದ ಖರ್ಚನ್ನೂ ಹೊರಬಹುದಿತ್ತು. ನಮಗೆ ನಾಗಪುರದಲ್ಲಿ ತಲೆಗಂದಾಯವಿಲ್ಲ, ಮತವಿದೆ, ಮನೆ ಕೊಳ್ಳಬಹುದು. ಇಲ್ಲಿನ ಎಂಜಿನಿಯರಿಂಗ್ ಕಾಲೇಜಿಗೆ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಹೆಸರಿದೆ, ಅಲ್ಲಿ ಓದುವ ನಮ್ಮ ಹುಡುಗರಿದ್ದಾರೆ. ಆದರೆ ಊರಿನವರೊಂದಿಗೆ ಸೇರಿ ಒಂದು ನಾಟಕವಾಡುವ ಯೋಚನೆ ಮಾತ್ರ ನಮಗೆ ಬರುವುದಿಲ್ಲ. ಬಾಡಿಗೆ ಸಭಾಂಗಣದ ಬಾಗಿಲು ಹಾಕಿಕೊಂಡು ನಮ್ಮ ನಾಟಕ ನಮಗೇ ಆಡಿಕೊಳ್ಳುತ್ತೇವೆ.

ಇದು ಬರೀ ಕಲೆಯ ಮಾತಲ್ಲ. 2022ರ ಡಿಸೆಂಬರನ್ನು ನೆನಪಿಸಿಕೊಳ್ಳಿ. ಹಿರೇಬಾಗೇವಾಡಿಯ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. ಬೆಳಗಾವಿಯ ಚಳಿಗಾಲದ ಅಧಿವೇಶನ ಒಂದಿಂಚೂ ಬಿಡೆವು ಎಂಬ ಅರ್ಥದ ನಿರ್ಣಯ ಮಾಡಿತು. ಐದು ದಿನ ಕಳೆದು, ಡಿಸೆಂಬರ್ 27ರಂದು, ಇದೇ ನಾಗಪುರದಲ್ಲಿ ಸೇರಿದ್ದ ಮಹಾರಾಷ್ಟ್ರದ ಅಧಿವೇಶನ 865 ಹಳ್ಳಿಗಳು ತನಗೆ ಬೇಕೆಂದು ನಿರ್ಣಯ ಮಾಡಿತು. ಎರಡೂ ಕಡೆ ಸರ್ವಾನುಮತ. ಎರಡೂ ಕಡೆ ತಂತಮ್ಮ ಪ್ರೇಕ್ಷಕರಿಗಾಗಿ ಆಡಿದ ಮಾತು. ಆ ವಾರ ರೈಲಿನಲ್ಲಿ, ಮಾರುಕಟ್ಟೆಯಲ್ಲಿ ದನಿ ತಗ್ಗಿಸಿ ಕನ್ನಡ ಆಡಿದವರು ನಾವು. ಗಡಿಯ ಬಿಸಿ ಗಡಿಯಲ್ಲಿರುವವರಿಗೂ ಹೊರನಾಡಿನಲ್ಲಿರುವವರಿಗೂ ತಟ್ಟುತ್ತದೆ, ನಿರ್ಣಯ ಓದಿದವರಿಗಲ್ಲ. ಬೆಳಗಾವಿಯ ಮರಾಠಿ ಮುದುಕಿಯ ಅಳಲು ಕನ್ನಡದಲ್ಲಿ, ಸೊಲ್ಲಾಪುರದ, ಅಕ್ಕಲಕೋಟೆಯ ಕನ್ನಡ ಹುಡುಗನ ಅಳಲು ಮರಾಠಿಯಲ್ಲಿ ಕೇಳಿಸುವ ಜಾಗ ಯಾವುದಾದರೂ ಇದ್ದರೆ ಅದು ರಂಗಭೂಮಿ ಮಾತ್ರ. ಶಾಸನಸಭೆಗಳು ಆ ಕೆಲಸ ಮಾಡಲಾರವು ಎಂದು ಮೇಲಿನ ಎರಡು ತಾರೀಖುಗಳೇ ಹೇಳುತ್ತವೆ.

ಆ ಜಾಗ ನಮಗೆ ಹಿಂದೆ ಇತ್ತು. ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಆಡಿಸಿದ್ದು 1843ರಲ್ಲಿ. ಅದಕ್ಕೆ ಪ್ರೇರಣೆ ಕರ್ನಾಟಕದಿಂದ ಹೋಗಿದ್ದ ಭಾಗವತರ ಮೇಳದ ಆಟ ಎಂದು ಮರಾಠಿ ರಂಗಭೂಮಿಯ ಚರಿತ್ರೆ ಬರೆದವರೇ ಹೇಳುತ್ತಾರೆ. ಕಾರ್ನಾಡರ 'ತುಘಲಕ್' ಅನ್ನು ಮರಾಠಿಗೆ ತಂದವರು ವಿಜಯ ತೆಂಡೂಲ್ಕರ್. ಮರಾಠಿಗರು ತಮ್ಮ ರಂಗಭೂಮಿ ದಿನವನ್ನು ಆಚರಿಸುವುದು ನವೆಂಬರ್ 5ರಂದು, ನಮ್ಮ ರಾಜ್ಯೋತ್ಸವಕ್ಕೂ ಅದಕ್ಕೂ ನಾಲ್ಕೇ ದಿನದ ಅಂತರ. ಅಕ್ಕತಂಗಿಯರ ಮನೆಯ ಹಬ್ಬಗಳು ಒಂದೇ ವಾರದಲ್ಲಿ ಬರುತ್ತವೆ, ನಾವು ಒಂದೇ ಒಂದು ಸಲವೂ ಒಬ್ಬರನ್ನೊಬ್ಬರು ಕರೆದಿಲ್ಲ.

ಹಾಗಾಗಿ ನನ್ನ ಬೇಡಿಕೆ ಸ್ಪಷ್ಟವಾಗಿದೆ. ಮುಂದಿನ ರಾಜ್ಯೋತ್ಸವದ ಭಾಷಣಗಳಿಂದ ಕ್ಯಾರಿಟಿಯಾನ್ ಹೊರಗೆ ಹೋಗಲಿ. ಅದು ಪಂಡಿತರ ಮೇಜಿನ ಮೇಲಿರಲಿ, ಅಲ್ಲಿ ಅದಕ್ಕೆ ಕೆಲಸವಿದೆ. ನವೆಂಬರ್ 5ರ ಸಂಜೆ ನಾವು 'ಪಾರಸಿಕರು' ಓದೋಣ ಅಥವಾ ಆಡೋಣ, ನೆರೆಯ ಮರಾಠಿ ಗೆಳೆಯರನ್ನು ಕರೆದು, ಕೈಗೊಂದು ಮರಾಠಿ ಸಾರಾಂಶ ಕೊಟ್ಟು. ಖರ್ಚಿನ ನೆಪ ಹೇಳಬೇಡಿ. ಈಸ್ಕಿಲಸ್ ಇಡೀ ನಾಟಕವನ್ನು ಇಬ್ಬರು ನಟರಲ್ಲಿ ಮುಗಿಸಿದ್ದ. ರಂಗಸಜ್ಜಿಕೆಗೆ ಒಂದು ಗೋರಿ ಸಾಕು. ಬಯಲಿದ್ದರೆ ಇನ್ನೂ ಒಳ್ಳೆಯದು, ಕತ್ತಲೆಯ ಸಭಾಂಗಣದಲ್ಲಿ ಕಾಣದ ಪಕ್ಕದವನ ಮುಖ ಅಲ್ಲಿ ಕಾಣುತ್ತದೆ. ಇನ್ನು ಮೇಳಕ್ಕೆ ಬೇಕಾದ ಹನ್ನೆರಡು ಮಂದಿ ಮುದುಕರು: ಬ್ಯಾಂಕು, ರೈಲ್ವೆ, ಕಲ್ಲಿದ್ದಲು ಕಂಪನಿಗಳಿಂದ ನಿವೃತ್ತರಾದವರು ತುಂಬಿರುವ ನಮ್ಮ ಸಂಘದಲ್ಲಿ ಅವರಿಗೆ ಬರವಿಲ್ಲ. ಆರು ಮಂದಿ ನಮ್ಮವರಿರಲಿ, ಆರು ಮಂದಿ ಮರಾಠಿಯವರಿರಲಿ. ಸತ್ತವರ ಹೆಸರು ಕೂಗಿ ಅಳುವುದಕ್ಕೆ ವ್ಯಾಕರಣ ಶುದ್ಧವಾಗಿರಬೇಕೆಂದೇನಿಲ್ಲ.