ಸ್ಪೀಕರ್ ಗುಂಯ್ ಅಂದರೆ ಅರ್ಥ್ ಪಿನ್ ಕೀಳಬೇಡಿ

ಬಲಿಪೂಜೆಯ ಹೊತ್ತಿಗೆ ಸ್ಪೀಕರ್ ಗುಂಯ್ ಅನ್ನುವುದು ನಮಗೆಲ್ಲ ಎಷ್ಟು ರೂಢಿಯಾಗಿದೆ ಅಂದರೆ, ಕರೆಂಟ್ ಹೋದಾಗಲೇ ಅದು ಇತ್ತೆಂದು ಗೊತ್ತಾಗುವುದು. ವಾಚನ ಸರಿಯಾಗಿ ಕೇಳದೆ ಹಿಂದಿನ ಬೆಂಚಿನ ಅಜ್ಜ-ಅಜ್ಜಿಯರು ಕಿವಿಗೆ ಕೈ ಹಿಡಿಯುತ್ತಾರೆ. ಮಿಕ್ಸರ್ ಮುಂದಿರುವ ಹುಡುಗ ವಾಲ್ಯೂಮ್ ಏರಿಸುತ್ತಾನೆ, ಜೊತೆಗೆ ಗುಂಯ್ ಕೂಡ ಏರುತ್ತದೆ. ಆಮೇಲೆ ಯಾರೋ ಒಬ್ಬರು "ಪ್ಲಗ್ಗಿನ ಅರ್ಥ್ ಪಿನ್ ತೆಗೆದುಬಿಡು" ಎನ್ನುತ್ತಾರೆ. ತೆಗೆದರೆ ಸದ್ದು ನಿಲ್ಲುವುದೂ ಉಂಟು. ನನ್ನ ತಕರಾರು ಇರುವುದೇ ಅಲ್ಲಿ.

ಸಾಂಗ್ಲಿ-ಮಿರಜ ಕಡೆಯವರಾದ ನಾವು ಸದ್ದಿನ ಬಗ್ಗೆ ಇಷ್ಟು ಅಸಡ್ಡೆ ಮಾಡಬಾರದು. ಮಿರಜದ ಕುಶಲಕರ್ಮಿಗಳು ತಲೆಮಾರುಗಳಿಂದ ಸಿತಾರ್, ತಂಬೂರಿ ಮಾಡುತ್ತ ಬಂದವರು. 2024ರಲ್ಲಿ ಅವಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು ಅದು. ತಂಬೂರಿಯ ಕುದುರೆಯನ್ನು ಉಜ್ಜಿ ಉಜ್ಜಿ ಹದ ಮಾಡಿ, ತಂತಿಯ ಕೆಳಗೆ ಒಂದೆಳೆ ದಾರ ಸರಿಸಿದರೆ ಝೇಂಕಾರ ಹುಟ್ಟುತ್ತದೆ. ಅದಕ್ಕೆ ಜವಾರಿ ಎನ್ನುತ್ತಾರೆ (ಜವಾರಿ ಕೋಳಿಯ ಜವಾರಿ ಅಲ್ಲ!). ಅಲ್ಲಿ ದಾರವನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಮತ್ತೆ ಕೇಳುತ್ತಾರೆ. ನಮ್ಮ ಸ್ಪೀಕರಿನ ಗುಂಯ್ ಯಾರೂ ಬೇಡಿದ್ದಲ್ಲ, ಆದರೆ ಅದನ್ನು ಹುಡುಕುವುದಕ್ಕೂ ಅಂಥದೇ ತಾಳ್ಮೆ ಬೇಕು.

ನಮ್ಮ ದೇಶದ ಕರೆಂಟ್ 50 ಹರ್ಟ್ಸ್‌ನದು. ಸ್ಪೀಕರಿನಲ್ಲಿ ದಪ್ಪ ದನಿಯ ಗುಂಯ್ ಕೇಳಿದರೆ ಹೆಚ್ಚಾಗಿ ಅದೇ 50 ಅಥವಾ ಅದರ ದುಪ್ಪಟ್ಟು 100. ಒಳಗೆ ಬರುವ ದಾರಿ ಸಾಮಾನ್ಯವಾಗಿ ಹೀಗೆ: ಮಿಕ್ಸರಿಗೆ ಹಿಂಬದಿಯ ಗೋಡೆಯ ಸಾಕೆಟ್, ಕೀಬೋರ್ಡಿಗೂ ಆಂಪ್ಲಿಫೈಯರಿಗೂ ಪೀಠದ ಬಳಿಯ ಇನ್ನೊಂದು ಸಾಕೆಟ್. ಎರಡು ಕಡೆಯ ಅರ್ಥಿಂಗ್ ನಡುವೆ ಸಣ್ಣ ವ್ಯತ್ಯಾಸ ಇರುತ್ತದೆ. ಆಡಿಯೋ ಕೇಬಲ್ಲಿನ ಹೊರಕವಚ ಎರಡನ್ನೂ ಜೋಡಿಸಿದಾಗ ಒಂದು ಸುತ್ತು ಪೂರ್ತಿಯಾಗಿ, ಅದರಲ್ಲಿ ಕರೆಂಟ್ ಹರಿದು ಹಾಡಿನೊಳಗೆ ಸೇರಿಕೊಳ್ಳುತ್ತದೆ.

ಅರ್ಥ್ ಪಿನ್ ತೆಗೆದರೆ ಈ ಸುತ್ತು ತುಂಡಾಗುತ್ತದೆ, ನಿಜ. ಆದರೆ ಆ ಪಿನ್ನನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ ಮಾಡಿರುವುದು ಸುಮ್ಮನಲ್ಲ. ಅದು ಮೊದಲು ಒಳಗೆ ಹೋಗಬೇಕು, ಕೊನೆಗೆ ಹೊರಗೆ ಬರಬೇಕು. ಪಿನ್ ಇಲ್ಲದ ಗಿಟಾರ್ ಆಂಪಿನೊಳಗೆ ಒಂದು ವೈರ್ ಸಡಿಲವಾಗಿ ಡಬ್ಬಿಗೆ ತಾಗಿದರೆ 230 ವೋಲ್ಟ್ ಗಿಟಾರಿನ ತಂತಿಯವರೆಗೆ ಬರುತ್ತದೆ. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ. ಮೈಕ್ ಮಿಕ್ಸರಿನ ಮೂಲಕ ಭೂಮಿಗೆ ಜೋಡಿಸಿದೆ. ನಡುವೆ ಇರುವುದು ನಮ್ಮ ಗಾನವೃಂದದ ಹುಡುಗ. ಹಬ್ಬದ ದಿನ ಮಳೆ ಬಂದು ನೆಲ ಒದ್ದೆಯಾಗಿದ್ದರೆ ಇನ್ನೂ ಕೆಟ್ಟದ್ದು.

ಹಾಗಾದರೆ ಏನು ಮಾಡುವುದು? ಶನಿವಾರದ ಅಭ್ಯಾಸಕ್ಕೆ ಅರ್ಧ ಗಂಟೆ ಮೊದಲು ಬನ್ನಿ. ಎಲ್ಲ ಫೇಡರ್ ಇಳಿಸಿ. ಮಾಸ್ಟರ್ ಕೂಡ ಇಳಿಸಿದ ಮೇಲೂ ಗುಂಯ್ ಉಳಿದರೆ ದೋಷ ಮಿಕ್ಸರಿನಿಂದ ಆಂಪಿಗೆ ಹೋಗುವ ಕೇಬಲ್ಲಿನಲ್ಲೋ ಆಂಪಿನಲ್ಲೋ ಇದೆ. ನಿಂತರೆ ಒಂದೊಂದೇ ಚಾನೆಲ್ ಏರಿಸಿ, ಯಾವುದರಲ್ಲಿ ಬರುತ್ತದೆ ಎಂದು ಕೇಳಿ. ಬಹುಮಟ್ಟಿಗೆ ಸಿಕ್ಕಿಬೀಳುವುದು ಕೀಬೋರ್ಡು ಅಥವಾ ಹಾಡು ಹಾಕಲು ತಂದ ಲ್ಯಾಪ್‌ಟಾಪು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕೀಬೋರ್ಡಿಗೆ ಡಿ.ಐ. ಬಾಕ್ಸ್ ಹಾಕಿ. ಅದರ 'ಗ್ರೌಂಡ್ ಲಿಫ್ಟ್' ಸ್ವಿಚ್ ಆಡಿಯೋ ಕೇಬಲ್ಲಿನ ಕವಚವನ್ನಷ್ಟೇ ಬಿಡಿಸುತ್ತದೆ, ಕರೆಂಟಿನ ಅರ್ಥ್ ತನ್ನ ಜಾಗದಲ್ಲೇ ಇರುತ್ತದೆ. ಅದಕ್ಕೂ ಮೊದಲು ಎಲ್ಲ ಉಪಕರಣಗಳಿಗೂ ಒಂದೇ ಸಾಕೆಟ್ ಕಡೆಯಿಂದ ಕರೆಂಟ್ ತರಲಾದರೆ ಖರ್ಚೇ ಇಲ್ಲ. ಸದ್ದು ಗುಂಯ್ ಆಗಿರದೆ ಸಣ್ಣಗೆ ಜರ್ರ್ ಅನ್ನುತ್ತಿದ್ದರೆ ಫ್ಯಾನಿನ ರೆಗ್ಯುಲೇಟರುಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ.

ಕೀಂಯ್ ಎಂದು ಕಿರುಚುವುದು ಬೇರೆ ರೋಗ. ಮೈಕ್ ಸ್ಪೀಕರಿನ ಮುಂದೆ ನಿಂತಿದೆ, ಅಷ್ಟೆ. ಹಾಡದವರ ಮೈಕ್ ಮುಚ್ಚಿ, ವಾಚಕರಿಗೆ ಮೈಕಿನ ಹತ್ತಿರ ಬರಲು ಹೇಳಿ.

ಹೊಸ ಮಿಕ್ಸರಿಗೆಂದು ದೇಣಿಗೆ ಕೇಳುವ ಮಾತು ಪಾಲನಾ ಸಮಿತಿಯಲ್ಲಿ ಆಗಾಗ ಬರುತ್ತದೆ. ನಾನು ಅದಕ್ಕೆ ಈಗ ಒಪ್ಪುವುದಿಲ್ಲ. ಹಳೆಯ ಅರ್ಥಿಂಗಿನ ಮೇಲೆ ಹೊಸ ಮಿಕ್ಸರ್ ಇಟ್ಟರೂ ಗುಂಯ್ ಅನ್ನುತ್ತದೆ. ಮೊದಲ ದುಡ್ಡು ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್‌ಗೆ ಹೋಗಲಿ: ಅರ್ಥಿಂಗ್ ಅಳೆಯಲಿ, 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಕೂರಿಸಲಿ, ಪಿನ್ ಮುರಿದ ಪ್ಲಗ್ಗುಗಳನ್ನೆಲ್ಲ ಬದಲಿಸಲಿ. ಉಳಿದದ್ದರಲ್ಲಿ ಎರಡು ಡಿ.ಐ. ಬಾಕ್ಸ್.